ಬೈಯೋದ್ರಾಗ ಮೂರು ದಿನ ಕಳೀಬ್ಯಾಡ್ರಿ

ಕಾರ್ಡಿನ ಲೆಕ್ಕದಾಗ ಯಾವುದೋ ಇಂಜಿನಿಯರ್ ಸಂಘದ ಸದಸ್ಯತ್ವ ಅಂತ ರೊಕ್ಕ ಹೋಗಿತ್ತು. "ನೀನ ಏನರೆ ಒತ್ತಿರಬೇಕು" ಅಂದ್ರು ನಮ್ಮ ಮನಿಯವರು. ಯಾಕ್ರೀ, ಏನ ತಪ್ಪಿದ್ರೂ ಹೆಂಗಸರ ಬೆರಳಿನ ಮ್ಯಾಲೇ ಬರಬೇಕೇನು? ಕೇಳಿದ್ರ, ಮಗಾ ಹೋದ ವರ್ಷ ಸೇರಿದ್ದ. ಅದು ತಾನಾಗೇ ನವೀಕರಣ ಆಗಿತ್ತು. ಸಂಘಕ್ಕ ಬರದು ರದ್ದು ಮಾಡಿಸಿದ್ವಿ.

ಮನ್ಯಾಗ ಯಾರೂ ಸೇರಿಲ್ಲಂದ್ರ? ಅವತ್ತೇ ಕಾರ್ಡಿನ ಹಿಂದಿರೋ ನಂಬರಿಗೆ ಫೋನ್ ಹಚ್ಚಿ ಕಾರ್ಡ್ ಬಂದ್ ಮಾಡಸ್ರಿ, ದೂರಿನ ನಂಬರ್ ಬರಕೋರಿ. ಹೊರಗಿನವರ ಮೋಸಾ ಆಗಿದ್ದು, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗ ತಿಳಿಸಿದ್ರ ಗಿರಾಕಿಗೆ ನಷ್ಟ ಇಲ್ಲಂತ ರಿಸರ್ವ್ ಬ್ಯಾಂಕ್ 2017ರಾಗ ನಿಯಮಾ ಮಾಡೇದ. ಬೈಸಿಕೊಳ್ಳೋ ಅಂಜಿಕಿಗೆ ಮುಚ್ಚಿಟ್ರ ಆ ದಿನಾನೂ ಹೋಗ್ತಾವ, ರೊಕ್ಕಾನೂ ಹೋಗ್ತದ. ಬೈಯೋರಿಗೆ ಇಷ್ಟು ಓದಿ ಹೇಳ್ರಿ.