ಇಪ್ಪತ್ತನಾಲ್ಕರಲ್ಲೊಂದು ಲಾರಿ

ನಮ್ಮ ಕಾಲೇಜಿನಲ್ಲಿ ಯಾರು ಚೆನ್ನಾಗಿ ಕ್ರಿಕೆಟ್ ಆಡುತ್ತಾರೆ, ಯಾರು ಕಿರಾಅತ್ ಸ್ಪರ್ಧೆಯಲ್ಲಿ ಬಹುಮಾನ ತರುತ್ತಾರೆ, ಯಾರ ಅಕ್ಷರ ಗೋಡೆ ಪತ್ರಿಕೆಗೆ ಸರಿ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಆದರೆ ರಾತ್ರಿ ಓದು ಮುಗಿಸಿ, ಸನ್‌ಬೋರ್ಡ್ ಕತ್ತರಿಸಿ ಲಾರಿಯ ಮಾದರಿ ಮಾಡುವ ನಾಲ್ಕೈದು ಮಂದಿಯೂ ನಮ್ಮಲ್ಲಿದ್ದೇವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಾವೂ ಹೇಳಿಕೊಳ್ಳುವುದಿಲ್ಲ. ಹೇಳಿದರೆ ಬರುವ ಮಾತು ಒಂದೇ: "ಪಿಯುಸಿಗೆ ಬಂದರೂ ಆಟದ ಸಾಮಾನು ಬಿಟ್ಟಿಲ್ವಾ?" ಇದು ಆಟದ ಸಾಮಾನಲ್ಲ, ಕಲಿಕೆ, ಇದಕ್ಕೆ ನಮ್ಮ ಕಾಲೇಜಿನಲ್ಲಿ ಒಂದು ಮೇಜಿನಷ್ಟಾದರೂ ಜಾಗ ಬೇಕು ಎಂಬುದು ನನ್ನ ಅಭಿಪ್ರಾಯ.

ಆಟಿಕೆಗೂ ಮಾದರಿಗೂ ಇರುವ ವ್ಯತ್ಯಾಸ ಅಳತೆಯಲ್ಲಿದೆ. ಆಟಿಕೆ ಲಾರಿಯ ಚಕ್ರ ಎಷ್ಟು ದೊಡ್ಡದಿದ್ದರೂ ಮಗು ಕೇಳುವುದಿಲ್ಲ. ಮಾದರಿ ಹಾಗಲ್ಲ. ಹೆಚ್ಚಿನವರು ಬಳಸುವ ಅಳತೆ 1:24. ಅಂದರೆ ನಿಜವಾದ ಲಾರಿಯ 24 ಮಿ.ಮೀ. ಇಲ್ಲಿ 1 ಮಿ.ಮೀ. ಎರಡೂವರೆ ಮೀಟರ್ ಅಗಲದ ಲಾರಿ 104 ಮಿ.ಮೀ. ಆಗುತ್ತದೆ. ಒಂದು ಮೀಟರಿಗಿಂತ ತುಸು ಎತ್ತರದ ಟಯರ್ 44 ಮಿ.ಮೀ. ಆಗುತ್ತದೆ. ಐದೂವರೆ ಅಡಿಯ ಡ್ರೈವರ್ ಏಳು ಸೆಂಟಿಮೀಟರ್ ಆಗುತ್ತಾರೆ. ಇದರಲ್ಲಿ ಒಂದು ತಪ್ಪಿದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಎಂದು ಹೇಳಲು ಬಾರದಿದ್ದರೂ.

ವಿದೇಶಗಳಲ್ಲಿ ಇದು ಹಳೆಯ ಹವ್ಯಾಸ. ಅಮೆರಿಕದ ಎಎಂಟಿ ಕಂಪನಿಯ 1:25 ಅಳತೆಯ ಪೀಟರ್‌ಬಿಲ್ಟ್ ಟ್ರಕ್ಕಿನ ಕಿಟ್ ಬಂದು ಅರ್ಧ ಶತಮಾನ ಕಳೆದಿದೆ. ಇಟಲಿಯ ಇಟಾಲೇರಿ ಕಂಪನಿ ವೋಲ್ವೊ, ಸ್ಕಾನಿಯಾಗಳ ಕಿಟ್ ಮಾಡುತ್ತದೆ. ಪೆಟ್ಟಿಗೆಯಲ್ಲಿ ಎಲ್ಲ ಭಾಗಗಳಿರುತ್ತವೆ, ಜೋಡಿಸುವ ಕ್ರಮವೂ ಇರುತ್ತದೆ. ಆದರೆ ಅವುಗಳ ಬೆಲೆ ಸಾವಿರಗಳಲ್ಲಿ, ಮತ್ತು ನಾನು ನೋಡಿದ ಪೆಟ್ಟಿಗೆಗಳಲ್ಲಿ ನಮ್ಮ ಘಾಟಿ ಹತ್ತುವ ಲಾರಿ ಒಂದೂ ಇರಲಿಲ್ಲ.

ಇರುವುದೂ ಕಷ್ಟವೇ. ನಮ್ಮ ಹಳೆಯ ಲಾರಿಗಳಲ್ಲಿ ಎಷ್ಟೋ ಲಾರಿಗಳು ಕಾರ್ಖಾನೆಯಿಂದ ಬರೀ ಚಾಸಿಸ್ ಆಗಿ ಹೊರಬಂದವು. ಕ್ಯಾಬಿನ್, ಬಾಡಿ ಕಟ್ಟಿದವರು ಬೇರೆ ಬೇರೆ ಊರಿನ ಬಡಗಿಗಳು, ವೆಲ್ಡರ್‌ಗಳು. ತಮಿಳುನಾಡಿನ ನಾಮಕ್ಕಲ್ ಈ ಕೆಲಸಕ್ಕೇ ಹೆಸರಾದ ಊರು. ಒಬ್ಬೊಬ್ಬರ ಕೈ ಒಂದೊಂದು ರೀತಿ. ಆದ್ದರಿಂದ ನಮ್ಮ ಲಾರಿಯ ಮಾದರಿ ಮಾಡಬೇಕಾದರೆ ನಕ್ಷೆ ಸಿಗುವುದಿಲ್ಲ. ಟೇಪು ಹಿಡಿದು ಹೋಗಿ ಅಳೆಯಬೇಕು, ಡ್ರೈವರನ್ನು ಮಾತನಾಡಿಸಬೇಕು. ಇತಿಹಾಸವೂ ಗೊತ್ತಿರಬೇಕು. ಟಾಟಾದವರು 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಸೇರಿ ಲಾರಿ ತಯಾರಿಸುತ್ತಿದ್ದರು. 1960ರ ಟಾಟಾ ಲಾರಿ ಮಾಡುವವರು ಮೂಗಿನ ಮೇಲೆ ಬೆನ್ಜ್ ನಕ್ಷತ್ರ ಇಡದಿದ್ದರೆ ಅದು ಆ ಕಾಲದ ಲಾರಿ ಆಗುವುದಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೂ ಒಂದು ಪಾಠವಿದೆ. ಉದ್ದವನ್ನು 24ರಿಂದ ಭಾಗಿಸಿದರೆ ವಿಸ್ತೀರ್ಣ 576ರಿಂದ, ಗಾತ್ರ 13,824ರಿಂದ ಭಾಗವಾಗುತ್ತದೆ. ಹತ್ತು ಟನ್ ತೂಕದ ಲಾರಿಯನ್ನು ಅದೇ ಲೋಹಗಳಲ್ಲಿ ಕಿರಿದಾಗಿಸಿದರೆ ಬರೇ 720 ಗ್ರಾಂ ತೂಗುತ್ತದೆ. ಪಟ್ಟಿಯ ಬಲ ಕಡಿಮೆಯಾಗುವುದಕ್ಕಿಂತ ಬೇಗ ಭಾರ ಕಡಿಮೆಯಾಗುವುದರಿಂದ ಮಾದರಿಯ ಸ್ಪ್ರಿಂಗ್ ಬಾಗುವುದೇ ಇಲ್ಲ. ಈ ತತ್ವವನ್ನು ಗೆಲಿಲಿಯೊ 1638ರಲ್ಲೇ ಪ್ರಕಟವಾದ ಪುಸ್ತಕದಲ್ಲಿ ವಿವರಿಸಿದ್ದಾನೆ. ಹಾಗಾಗಿ ಲೋಡ್ ತುಂಬಿದ ಲಾರಿ ತೋರಿಸಬೇಕಾದರೆ ಸ್ಪ್ರಿಂಗ್ ಪಟ್ಟಿಗಳನ್ನು ನಾವೇ ಚಪ್ಪಟೆಯಾಗಿ ಕೂರಿಸಬೇಕು. ಖಾಲಿ ಲಾರಿಯಾದರೆ ಕಮಾನಿನಂತೆ ಬಾಗಿಸಿ ಇಡಬೇಕು. ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯ ರೋ-ರೋ ರೈಲಿನ ಮೇಲೆ ಸಾಲಾಗಿ ನಿಂತ ಲಾರಿಗಳನ್ನು ಪಕ್ಕದಿಂದ ನೋಡಿ. ಯಾವುದು ತುಂಬಿದೆ, ಯಾವುದು ಖಾಲಿ ಎಂದು ಸ್ಪ್ರಿಂಗ್ ನೋಡಿಯೇ ಹೇಳಬಹುದು.

ಖರ್ಚಿನ ಮಾತು ಬಂದೇ ಬರುತ್ತದೆ. ನಾವು ಬಳಸುವುದು ಬೋರ್ಡ್ ಬರೆಯುವ ಅಂಗಡಿಯಲ್ಲಿ ಉಳಿದ ಸನ್‌ಬೋರ್ಡ್ ತುಂಡು, ಅವಧಿ ಮುಗಿದ ಎಟಿಎಂ ಕಾರ್ಡ್, ಮದುವೆ ಕಾಗದ, ಫೆವಿಕ್ವಿಕ್, ಎಂ-ಸೀಲ್. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ.; 24ರಿಂದ ಗುಣಿಸಿದರೆ ಸುಮಾರು 18 ಮಿ.ಮೀ. ಲಾರಿಯ ಸ್ಪ್ರಿಂಗ್ ಪಟ್ಟಿಗೆ ಅದು ಹತ್ತಿರದ ಅಳತೆ. ಆದರೆ ಬಾಗಿಲಿಗೆ 3 ಮಿ.ಮೀ. ಸನ್‌ಬೋರ್ಡ್ ಹಾಕಿದರೆ ಅದು 72 ಮಿ.ಮೀ. ದಪ್ಪದ ತಗಡಾಯಿತು! ಅದಕ್ಕೇ ಕಣ್ಣಿಗೆ ಬೀಳುವ ಅಂಚನ್ನೆಲ್ಲ ಬ್ಲೇಡಿನಿಂದ ಹೆರೆದು ತೆಳುವಾಗಿಸುತ್ತೇವೆ. ಕೇರಳದಲ್ಲಿ ಇದೇ ರೀತಿ ಬಸ್ಸು, ಲಾರಿಗಳ ಮಾದರಿ ಮಾಡುವ ಯುವಕರು ಬಹಳ ಮಂದಿ ಇದ್ದಾರೆ. ಅವರ ಕೆಲಸ ನೋಡಿದರೆ ದುಡ್ಡಿಗಿಂತ ತಾಳ್ಮೆ ಮುಖ್ಯ ಎಂದು ತಿಳಿಯುತ್ತದೆ.

ನನ್ನ ಮಟ್ಟಿಗೆ ಈ ಹವ್ಯಾಸದ ಬೆಲೆ ಇರುವುದು ಬಣ್ಣ ಹಚ್ಚಿದ ಮೇಲೆ. ಹೊಸ ಲಾರಿಯಂತೆ ಹೊಳೆಯುವ ಮಾದರಿ ಅರ್ಧ ಕೆಲಸ ಮಾತ್ರ. ದುಡಿದ ಲಾರಿಯ ಮೈಮೇಲೆ ದುಡಿಮೆಯ ಗುರುತಿರುತ್ತದೆ. ಬಿಸಿಲಿಗೆ ಮೊದಲು ಮಂಕಾಗುವುದು ಕ್ಯಾಬಿನ್ನಿನ ಮಾಡು. ಕೆಂಪುಕಲ್ಲು ಸಾಗಿಸುವ ಲಾರಿಗೆ ಚಕ್ರದ ಸುತ್ತ ಕೆಂಪು ಧೂಳು. ದಕ್ಕೆಯಿಂದ ಮೀನು ಒಯ್ಯುವ ಲಾರಿಗೆ ಐಸಿನ ನೀರು ಸೋರುವ ಹಿಂಭಾಗದಲ್ಲಿ ತುಕ್ಕು. ಡ್ರೈವರ್ ದಿನಾ ಹಿಡಿಯುವ ಬಾಗಿಲ ಹಿಡಿಯಲ್ಲಿ ಬಣ್ಣ ಸವೆದು ಲೋಹ ಕಾಣುತ್ತದೆ. ಇದನ್ನೆಲ್ಲ ಮನೆಯಲ್ಲಿ ಕೂತು ಊಹಿಸಲು ಆಗುವುದಿಲ್ಲ, ಹೋಗಿ ನೋಡಬೇಕು.

ಹಾಗೆ ನೋಡುವಾಗ ಲಾರಿಯ ಹಣೆಯನ್ನೂ ಓದುತ್ತೇವೆ. ಒಂದರ ಮೇಲೆ 786, ಮಾಶಾ ಅಲ್ಲಾಹ್. ಪಕ್ಕದ್ದರ ಮೇಲೆ ಶ್ರೀ ಗಣೇಶ. ಅದರಾಚೆ ಏಸುವಿನ ಹೆಸರು. ಎಷ್ಟೋ ಸಲ ಮೂರನ್ನೂ ಬರೆದದ್ದು ಒಬ್ಬನೇ ಪೇಂಟರ್. ಅಕ್ಷರದ ಬಾಲ ನೋಡಿದರೆ ಗೊತ್ತಾಗುತ್ತದೆ.

ನನ್ನ ಉಪ್ಪ ಲಾರಿ ಓಡಿಸುವವರು. ಅವರ ಲಾರಿಯ ಸೀಟಿನ ಹಿಂದೆ ಎರಡಡಿ ಅಗಲದ ಹಲಗೆಯಿದೆ. ಮಾದರಿಗಾಗಿ ಅಳೆದು ಭಾಗಿಸಿದಾಗ ಬಂದದ್ದು 25 ಮಿ.ಮೀ. ದೂರದ ಟ್ರಿಪ್ಪಿನಲ್ಲಿ ಉಪ್ಪ ಮಲಗುವುದು ಅದರ ಮೇಲೆಯೇ. ಅಳೆಯುವವರೆಗೆ ನನಗೆ ಅದು ಒಂದು ಹಲಗೆ ಮಾತ್ರವಾಗಿತ್ತು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಟ್ರಕ್‌ಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂದು ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿದ ಸುದ್ದಿಯನ್ನು ಎಷ್ಟೋ ಮಂದಿ ಓದಿ ಮರೆತಿರಬಹುದು. ಎಂಜಿನ್ನಿನ ಬಿಸಿಯ ಪಕ್ಕ ಕೂತು ಮಧ್ಯಾಹ್ನ ಶಿರಾಡಿ ಹತ್ತುವವರ ಮನೆಯಲ್ಲಿ ಅದು ಮರೆಯುವ ಸುದ್ದಿಯಲ್ಲ.

ನಮ್ಮ ತರಗತಿಗಳಲ್ಲಿ ಲಾರಿಯಿಂದ ಬಂದ ಅನ್ನ ಉಂಡು ಬೆಳೆದವರು ಕಡಿಮೆಯಿಲ್ಲ. ಡ್ರೈವರ್, ಕ್ಲೀನರ್, ಗ್ಯಾರೇಜ್, ಟಯರ್ ಅಂಗಡಿ, ಬಂದರಿನಲ್ಲಿ ಲೋಡಿಂಗ್. ಆದರೂ ಅರ್ಜಿಯಲ್ಲಿ "ತಂದೆಯ ಉದ್ಯೋಗ" ಎಂದಿರುವಲ್ಲಿ ಕೆಲವರ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ "ಬಿಸಿನೆಸ್" ಎಂದು ಬರೆಯುತ್ತದೆ. ಆ ಹಿಂಜರಿಕೆ ಭಾಷಣದಿಂದ ಹೋಗುವುದಿಲ್ಲ. ಅದೇ ಲಾರಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಮಾಡಿ ಮೇಜಿನ ಮೇಲಿಟ್ಟು, ಭೌತಶಾಸ್ತ್ರದ ಉಪನ್ಯಾಸಕರು ಬಗ್ಗಿ ನೋಡಿ, "ಇದನ್ನು ಯಾರು ವಿವರಿಸಿದ್ದು?" ಎಂದು ಕೇಳಿ, "ನನ್ನ ಉಪ್ಪ" ಎಂದು ಉತ್ತರಿಸುವಂತಾದರೆ ಸ್ವಲ್ಪ ಹೋಗಬಹುದು.

ಸಮಯ ಹಾಳಾಗುತ್ತದೆ ಎಂಬ ಮನೆಯವರ ಚಿಂತೆ ಸುಳ್ಳಲ್ಲ. ಮಾದರಿ ಮಾಡಿದರೆ ಸಿಇಟಿಯಲ್ಲಿ ರ‍್ಯಾಂಕ್ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಯ ತಿಂಗಳಲ್ಲಿ ಕಟ್ಟರ್ ಪೆಟ್ಟಿಗೆಯೊಳಗೇ ಇರಲಿ. ಆದರೆ ಉಳಿದ ದಿನಗಳಲ್ಲಿ ಮೊಬೈಲಿಗೆ ಹೋಗುವ ಗಂಟೆಯ ಲೆಕ್ಕ ಯಾರೂ ಕೇಳದಿರುವಾಗ, ಕೈಗೆ ಕೆಲಸ ಕೊಡುವ ಗಂಟೆಯ ಲೆಕ್ಕ ಮಾತ್ರ ಕೇಳುವುದು ನ್ಯಾಯವಲ್ಲ. ಇದು ಹುಡುಗರ ಹವ್ಯಾಸ ಎಂಬ ಮಾತನ್ನೂ ಬಿಡೋಣ. ಮೆಹಂದಿ ಕೋನಿನಲ್ಲಿ ಕೂದಲೆಳೆಯಂಥ ಗೆರೆ ಎಳೆಯುವ ನಮ್ಮ ಸಹಪಾಠಿ ಸಹೋದರಿಯರ ಕೈಗೆ ಲಾರಿಯ ಅಕ್ಷರ ಬರೆಯುವುದು ನಮಗಿಂತ ಸುಲಭ.

ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಎರಡೇ. ಒಂದು, ವಾರ್ಷಿಕ ವಿಜ್ಞಾನ ಪ್ರದರ್ಶನದಲ್ಲಿ "ವರ್ಕಿಂಗ್ ಮಾಡೆಲ್" ಜೊತೆಗೆ ಅಳತೆಯ ಮಾದರಿಗಳಿಗೂ ಒಂದು ಮೇಜು ಕೊಡಿ. ಪ್ರತಿ ಮಾದರಿಯ ಮುಂದೆ ನಿಜವಾದ ಅಳತೆ, ಬಳಸಿದ ವಸ್ತು, ಅಳೆಯಲು ಬಿಟ್ಟ ಡ್ರೈವರ್ ಅಥವಾ ಮೆಕ್ಯಾನಿಕ್ ಹೆಸರು ಬರೆದ ಚೀಟಿ ಇರಲಿ. ಕಿಟ್ ತಂದು ಜೋಡಿಸಿದವರೂ ಬರಲಿ, ಆದರೆ ಅವರ ಬಹುಮಾನ ಬೇರೆ ಇರಲಿ. ಎರಡು, ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಭೌತಶಾಸ್ತ್ರ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಮತ್ತು ಸ್ಕ್ರೂ ಗೇಜ್ ನಮ್ಮ ಕೈಗೆ ಸಿಗಲಿ. ರೆಕಾರ್ಡ್ ಪುಸ್ತಕ ತುಂಬಿಸಲು ಮಾತ್ರ ಅವನ್ನು ಹಿಡಿದವರು ನಿಜವಾಗಿ ಒಂದು ವಸ್ತುವನ್ನು ಅಳೆಯಲಿ.

ಸಹಪಾಠಿಗಳಿಗೆ ಒಂದೇ ಮಾತು. ಮೊದಲ ಮಾದರಿಗೆ ಅಮೆರಿಕದ ಟ್ರಕ್ ಹುಡುಕಬೇಡಿ. ನಿಮ್ಮ ಬೀದಿಯಲ್ಲಿ ರಾತ್ರಿ ಬಂದು ನಿಲ್ಲುವ ಲಾರಿಯನ್ನೇ ಆರಿಸಿ, ಒಂದು ಟೇಪು ತೆಗೆದುಕೊಂಡು ಹೋಗಿ, ಸಲಾಂ ಹೇಳಿ, ಅನುಮತಿ ಕೇಳಿ. ನನಗೆ ಇದುವರೆಗೆ ಯಾವ ಡ್ರೈವರೂ ಇಲ್ಲ ಎಂದಿಲ್ಲ.