ಘನ ಹೋಗಿ ಕಂಬವಾಯಿತು

"ಸರ್, ಇದ್ರಲ್ಲಿ ತ್ರೀಡಿ ಮಾಡಕ್ಕೆ ಬರಲ್ವಾ?"

ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಹತ್ತನೇ ತರಗತಿಯ ಹುಡುಗನೊಬ್ಬ ಹೀಗೆ ಕೇಳಿದಾಗ ನಾನು ತಡಮಾಡದೆ "ಬರಲ್ಲ" ಎಂದುಬಿಟ್ಟೆ. ನಮ್ಮಂಥ ಮೇಷ್ಟ್ರುಗಳ ಹಳೆಯ ಚಾಳಿ ಇದು. ಗೊತ್ತಿಲ್ಲ ಎನ್ನುವುದಕ್ಕಿಂತ ಇಲ್ಲ ಎನ್ನುವುದು ಸಲೀಸು. ಹುಡುಗ ಸುಮ್ಮನಾದ. ಆದರೆ ಸಂಜೆ ಮನೆಯ ದಾರಿ ಹಿಡಿದಾಗ ನನಗೇ ಅನುಮಾನ ಶುರುವಾಯಿತು. ಸಿನಿಮಾ ಪರದೆಯೂ ಚಪ್ಪಟೆ, ಟಿ.ವಿ.ಯೂ ಚಪ್ಪಟೆ. ಅಲ್ಲಿ ಬರುವುದು ಇಲ್ಲೇಕೆ ಬಾರದು?

ಮಕ್ಕಳು ಕಲಿಯುತ್ತಿದ್ದುದು ಸ್ಕ್ರ್ಯಾಚ್. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು ರೂಪಿಸಿ 2007ರಲ್ಲಿ ಲೋಕಕ್ಕೆ ಕೊಟ್ಟ ಉಚಿತ ವ್ಯವಸ್ಥೆ ಇದು. ಇಲ್ಲಿ ಆಜ್ಞೆಗಳನ್ನು ಟೈಪು ಮಾಡುವ ಕೆಲಸವಿಲ್ಲ. 'ಹತ್ತು ಹೆಜ್ಜೆ ನಡೆ', 'ಹದಿನೈದು ಡಿಗ್ರಿ ತಿರುಗು' ಎಂದು ಬರೆದ ಬಣ್ಣಬಣ್ಣದ ಬ್ಲಾಕುಗಳಿವೆ. ಅವನ್ನು ಎಳೆದು ಒಂದಕ್ಕೊಂದು ಕಚ್ಚಿಸಿದರೆ ಕಿತ್ತಳೆ ಬಣ್ಣದ ಒಂದು ಬೆಕ್ಕು ತೆರೆಯ ಮೇಲೆ ಹೇಳಿದ ಹಾಗೆ ಕೇಳುತ್ತದೆ. ಬೆಕ್ಕು ಓಡಾಡುವ ಅಂಗಳದ ಅಳತೆ 480ಕ್ಕೆ 360. ನಟ್ಟನಡುವೆ ಸೊನ್ನೆ. ಎಡಬಲಕ್ಕೆ ಎಕ್ಸ್, ಮೇಲೆ ಕೆಳಗೆ ವೈ. ಅಂದರೆ ನಾವು ಒಂಬತ್ತನೇ ತರಗತಿಯಲ್ಲಿ ಗ್ರಾಫ್ ಹಾಳೆಯ ಮೇಲೆ ಕಲಿಸುವ ನಿರ್ದೇಶಾಂಕಗಳೇ. ಮೂರನೆಯ ಅಕ್ಷವಾದ ಜೆಡ್‌ಗೆ ಇಲ್ಲಿ ಬ್ಲಾಕೇ ಇಲ್ಲ. ಹುಡುಗನಿಗೆ ನಾನು ಕೊಟ್ಟ ಉತ್ತರ ಅಷ್ಟರ ಮಟ್ಟಿಗೆ ಸುಳ್ಳಲ್ಲ.

ಬ್ಲಾಕ್ ಇಲ್ಲದಿದ್ದರೇನು, ಆಳವನ್ನು ನಾವೇ ಲೆಕ್ಕ ಹಾಕಿ ಕೊಡಬಹುದಲ್ಲ? ಇದು ಹೊಳೆದದ್ದು ಅಡಿಕೆ ತೋಟದ ಬದಿಯಲ್ಲಿ ನಡೆಯುತ್ತಿದ್ದಾಗ. ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರ. ಒಂದು ಸಾಲಿನ ತುದಿಯಲ್ಲಿ, ಮೊದಲ ಮರಕ್ಕೆ ಒಂಬತ್ತು ಅಡಿ ಹಿಂದೆ ನಿಂತು ನೋಡಿ. ಮೊದಲ ಮರ ಒಂಬತ್ತು ಅಡಿ ದೂರ, ಎರಡನೆಯದು ಹದಿನೆಂಟು, ಮೂರನೆಯದು ಇಪ್ಪತ್ತೇಳು. ಕಣ್ಣೆದುರಿಗೆ ಒಂದು ಗಾಜಿನ ಹಲಗೆ ನೆಟ್ಟಗೆ ಹಿಡಿದು, ಅದರ ಮೇಲೆ ಕಾಂಡಗಳ ದಪ್ಪವನ್ನು ಗುರುತಿಸುತ್ತ ಹೋದರೆ ಎರಡನೆಯ ಮರ ಮೊದಲನೆಯದರ ಅರ್ಧ, ಮೂರನೆಯದು ಮೂರನೇ ಒಂದು ಪಾಲು, ನಾಲ್ಕನೆಯದು ಕಾಲು ಪಾಲು. ಎಲ್ಲ ಮರವೂ ಒಂದೇ ದಪ್ಪ ಎಂದಿಟ್ಟುಕೊಳ್ಳಿ. ದೂರ ಎರಡರಷ್ಟಾದರೆ ಗಾಜಿನ ಮೇಲಿನ ಗುರುತು ಎರಡರಿಂದ ಭಾಗ, ಮೂರರಷ್ಟಾದರೆ ಮೂರರಿಂದ ಭಾಗ. ಆಳವೆಂದು ನಮ್ಮ ಕಣ್ಣು ನಂಬುವುದು ಮುಖ್ಯವಾಗಿ ಈ ಭಾಗಾಕಾರವನ್ನೇ.

ಇದರ ಸಾಧನೆ ಹತ್ತನೇ ತರಗತಿಯ ಸಮರೂಪ ತ್ರಿಭುಜಗಳ ಪಾಠದಲ್ಲಿದೆ. ಕಣ್ಣು ಒಂದು ಶೃಂಗ. ಗಾಜಿನ ಮೇಲಿನ ಗುರುತು ಚಿಕ್ಕ ತ್ರಿಭುಜದ ಬಾಹು, ನಿಜವಾದ ಮರ ದೊಡ್ಡ ತ್ರಿಭುಜದ ಬಾಹು. ಬಾಹುಗಳು ಸಮಾನುಪಾತದಲ್ಲಿರಬೇಕು, ಅಷ್ಟೆ. ಯುರೋಪಿನ ಚಿತ್ರಕಾರರಿಗೆ ಇದು ಹದಿನೈದನೇ ಶತಮಾನದಲ್ಲೇ ಕೈವಶವಾಗಿತ್ತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಅಳತೆಯ ಪುಸ್ತಕದಲ್ಲಿ ಒಂದು ಮರದಚ್ಚಿನ ಚಿತ್ರವಿದೆ. ಮೇಜಿನ ಮೇಲೆ ಲ್ಯೂಟ್ ಎಂಬ ತಂತಿವಾದ್ಯ. ಗೋಡೆಯ ಕೊಂಡಿಯಿಂದ ಬಂದ ದಾರವೊಂದು ನಡುವಿನ ಚೌಕಟ್ಟನ್ನು ತೂರಿ ವಾದ್ಯವನ್ನು ಮುಟ್ಟುತ್ತದೆ. ಒಬ್ಬ ದಾರದ ತುದಿಯನ್ನು ವಾದ್ಯದ ಮೇಲೆ ಹಿಡಿಯುತ್ತಾನೆ, ಇನ್ನೊಬ್ಬ ದಾರ ಚೌಕಟ್ಟನ್ನು ದಾಟುವ ಜಾಗವನ್ನು ಗುರುತು ಮಾಡಿಕೊಳ್ಳುತ್ತಾನೆ. ಕೊಂಡಿಯೇ ಕಣ್ಣು, ದಾರವೇ ಬೆಳಕಿನ ಕಿರಣ. ಈ ಇಬ್ಬರ ಕೆಲಸವನ್ನು ಬೆಕ್ಕಿಗೆ ವಹಿಸಿದರೆ ಮುಗಿಯಿತು.

ಮಾರನೆಯ ದಿನ ಕರಿಹಲಗೆಯ ಮೇಲೆ ಒಂದು ಘನ ಬರೆದೆ. ಘನಕ್ಕೆ ಎಂಟು ಶೃಂಗ, ಹನ್ನೆರಡು ಅಂಚು. ಮಧ್ಯಬಿಂದುವಿನಿಂದ ಪ್ರತಿ ಮುಖಕ್ಕೂ 60 ಎಂದು ಇಟ್ಟುಕೊಂಡೆವು; ಆಗ ಪ್ರತಿ ಶೃಂಗದ ಮೂರೂ ಅಂಕಿಗಳು 60 ಅಥವಾ ಋಣ 60. ಕಣ್ಣಿನಿಂದ ಘನದ ಮಧ್ಯಕ್ಕೆ 300 ದೂರ. ಗಾಜಿನ ಹಲಗೆಯೂ ಕಣ್ಣಿನಿಂದ 300 ದೂರದಲ್ಲೇ, ಅಂದರೆ ಘನವನ್ನು ಸೀಳಿಕೊಂಡೇ ನಿಂತಿದೆ ಎನ್ನಿ; ಲೆಕ್ಕದ ಗಾಜಿಗೆ ಅದರಿಂದ ಬಾಧಕವಿಲ್ಲ. ಈಗ ಮುಂದಿನ ಮುಖ ಕಣ್ಣಿನಿಂದ 240, ಹಿಂದಿನ ಮುಖ 360. ಮುಂದಿನ ಮೂಲೆಗೆ 60ನ್ನು 300ರಿಂದ ಗುಣಿಸಿ 240ರಿಂದ ಭಾಗಿಸಿ, 75 ಬಂತು. ಹಿಂದಿನ ಮೂಲೆಗೆ ಅದೇ ಗುಣಾಕಾರ, 360ರಿಂದ ಭಾಗಾಕಾರ, 50 ಬಂತು. ದೊಡ್ಡ ಚೌಕದೊಳಗೆ ಚಿಕ್ಕ ಚೌಕ, ಮೂಲೆಗಳನ್ನು ಕೂಡಿಸುವ ನಾಲ್ಕು ಓರೆ ಗೆರೆ. ಬಾಗಿಲು ತೆರೆದು ಕೋಣೆಯೊಳಕ್ಕೆ ಇಣುಕಿದ ಹಾಗೆ ಕಾಣುತ್ತದೆ.

ಸ್ಕ್ರ್ಯಾಚ್‌ನಲ್ಲಿ ಇದಕ್ಕೆ ಬೇಕಾದ್ದು ಪೆನ್ ಬ್ಲಾಕುಗಳು. 2019ರ ಮೂರನೇ ಆವೃತ್ತಿಯಿಂದ ಇವು ಎದುರಿಗೇ ಇರುವುದಿಲ್ಲ, ಎಡಗಡೆಯ ಕೆಳಮೂಲೆಯ ಗುಂಡಿ ಒತ್ತಿ ಸೇರಿಸಿಕೊಳ್ಳಬೇಕು. ಶೃಂಗಗಳ ಎಕ್ಸ್, ವೈ, ಜೆಡ್‌ಗಳಿಗೆ ಮೂರು ಪಟ್ಟಿ, ಯಾವ ಶೃಂಗದಿಂದ ಯಾವ ಶೃಂಗಕ್ಕೆ ಗೆರೆ ಎಂಬುದಕ್ಕೆ ಎರಡು ಪಟ್ಟಿ. ಪೆನ್ನು ಎತ್ತು, ಮೊದಲ ಶೃಂಗಕ್ಕೆ ಹೋಗು, ಪೆನ್ನು ಊರು, ಎರಡನೆಯದಕ್ಕೆ ಹೋಗು; ಹೀಗೆ ಹನ್ನೆರಡು ಬಾರಿ. ಗೆರೆ ಬೀಳುವುದು ಒಂದೊಂದಾಗಿ ಕಾಣಬಾರದೆಂದರೆ ಈ ಬ್ಲಾಕುಗಳನ್ನೆಲ್ಲ ಸ್ವಂತದ ಒಂದು ಬ್ಲಾಕಾಗಿ ಕಟ್ಟಿ, 'ತೆರೆಯನ್ನು ಹೊಸತು ಮಾಡದೆ ಓಡಿಸು' ಎಂಬ ಚೌಕಕ್ಕೆ ಗುರುತು ಹಾಕಬೇಕು. ಇದನ್ನು ಮರೆತರೆ ಚಿತ್ರ ಕಣ್ಣು ಮಿಟುಕಿಸುತ್ತದೆ.

ಘನ ಮೂಡಿತು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. "ಇದು ತಿರುಗಲ್ವಾ ಸರ್?" ಎಂದರು.

ತಿರುಗಿಸಲು ಬೇಕಾದ್ದು ಸೈನು, ಕೊಸೈನು. ಲಂಬ ಅಕ್ಷದ ಸುತ್ತ ತಿರುಗಿಸುವಾಗ ವೈ ಬದಲಾಗದು. ಹೊಸ ಎಕ್ಸ್ ಎಂದರೆ ಎಕ್ಸ್ ಇಂಟು ಕೊಸೈನ್, ಕಳೆ ಜೆಡ್ ಇಂಟು ಸೈನ್. ಹೊಸ ಜೆಡ್ ಎಂದರೆ ಎಕ್ಸ್ ಇಂಟು ಸೈನ್, ಕೂಡು ಜೆಡ್ ಇಂಟು ಕೊಸೈನ್. ಅನೇಕ ಗಣಕ ಭಾಷೆಗಳು ಕೋನವನ್ನು ರೇಡಿಯನ್ನಿನಲ್ಲಿ ಕೇಳುತ್ತವೆ. ಸ್ಕ್ರ್ಯಾಚ್ ಪುಣ್ಯಕ್ಕೆ ಡಿಗ್ರಿಯಲ್ಲೇ ಒಪ್ಪಿಕೊಳ್ಳುತ್ತದೆ. (ಸೈನ್ ಎಂಬ ಹೆಸರೇ ನಮ್ಮ ಕಡೆಯಿಂದ ಹೋದದ್ದು. ಬಿಲ್ಲಿನ ಹೆದೆಗೆ ಜ್ಯಾ, ಜೀವಾ ಎನ್ನುತ್ತಿದ್ದರು. 499ರಲ್ಲಿ ರಚನೆಯಾದ ಆರ್ಯಭಟೀಯದಲ್ಲಿ ಅರ್ಧಜ್ಯೆಗಳ ಕೋಷ್ಟಕವೇ ಇದೆ. ಅರಬರ ಬಾಯಲ್ಲಿ ಅದು ಜೀಬ ಆಗಿ, ಸ್ವರವಿಲ್ಲದ ಬರಹದಲ್ಲಿ ಜೈಬ್ ಎಂಬ ಬೇರೆಯೇ ಶಬ್ದವೆಂದು ಓದಿಸಿಕೊಂಡು, ಅದರ ಅರ್ಥ ಲ್ಯಾಟಿನ್ನಿಗೆ ಅನುವಾದವಾಗಿ ಸೈನಸ್ ಆಯಿತು. ಇರಲಿ.)

ಪ್ರತಿ ಸುತ್ತಿಗೆ ಐದು ಡಿಗ್ರಿಯಂತೆ ತಿರುಗಲಿ ಎಂದು ಬರೆದು ಹಸಿರು ಬಾವುಟ ಒತ್ತಿದೆ. ಘನ ತಿರುಗಿತು. ತಿರುಗುತ್ತ ತಿರುಗುತ್ತ ಸೊರಗಿತು. ಸುಮಾರು ಹತ್ತು ಸೆಕೆಂಡಿನಲ್ಲಿ ಮೂರನೇ ಒಂದು ಪಾಲು ಅಗಲಕ್ಕೆ ಇಳಿದು ಕಲ್ಲುಕಂಬದಂತಾಯಿತು. ಅರ್ಧ ನಿಮಿಷಕ್ಕೆ ಒಂದು ಗೆರೆ ಉಳಿಯಿತು, ಅಷ್ಟೆ. ಮಕ್ಕಳು ನಕ್ಕರು. ನಾನೂ ನಕ್ಕೆ, ಆದರೆ ನನ್ನ ನಗು ಅಷ್ಟು ಸಹಜವಾಗಿರಲಿಲ್ಲ.

ಎರಡು ಸಂಜೆ ಅದರ ಬೆನ್ನು ಹತ್ತಿದೆ. ಸೂತ್ರವನ್ನು ಬಿ.ಎಸ್ಸಿ.ಯ ಹಳೆಯ ಪುಸ್ತಕದಲ್ಲಿ ನೋಡಿದೆ, ಸರಿಯಾಗಿತ್ತು. ಕಾಗದದ ಮೇಲೆ ಒಂದು ಶೃಂಗವನ್ನು ಐದು ಡಿಗ್ರಿ ತಿರುಗಿಸಿದೆ, ಸರಿಯಾಗಿ ಬಂತು. ಕೂಡು, ಕಳೆ ಚಿಹ್ನೆಗಳನ್ನು ಅದಲುಬದಲು ಮಾಡಿ ನೋಡಿದೆ, ಘನ ಉಲ್ಟಾ ತಿರುಗುತ್ತ ಸೊರಗಿತು. ಮೂರನೆಯ ದಿನ ತರಗತಿಯಲ್ಲಿ, "ಈ ಸಾಫ್ಟ್‌ವೇರ್ ದಶಾಂಶಗಳನ್ನು ಸರಿಯಾಗಿ ಹಿಡಿಯುವುದಿಲ್ಲವೋ ಏನೋ" ಎಂದು ಜಾರಿಕೊಳ್ಳಲು ನೋಡಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಎತ್ತರ ಕಮ್ಮಿ ಆಗಿಲ್ಲ ಸರ್" ಎಂದಳು.

"ಹಾಗಂದ್ರೆ?"

"ದಶಾಂಶ ತಪ್ಪಾಗಿದ್ರೆ ಎಲ್ಲಾ ಕಡೆ ಸಣ್ಣ ಆಗ್ಬೇಕಿತ್ತು. ವೈ ಹಾಗೇ ಇದೆ. ಎಕ್ಸು ಜೆಡ್ಡಲ್ಲಿ ಮಾತ್ರ ಏನೋ ಆಗ್ತಿದೆ."

ನಾನು ಪರದೆಯನ್ನು ಮತ್ತೆ ನೋಡಿದೆ. ಅವಳು ಹೇಳಿದ್ದು ನಿಜ. ಕಂಬದ ಎತ್ತರ ಹೆಚ್ಚುಕಡಿಮೆ ಘನದ ಎತ್ತರವೇ. ಎರಡು ಸಂಜೆ ಅದನ್ನೇ ದಿಟ್ಟಿಸಿದ್ದರೂ ನನಗೆ ಇದು ಕಂಡಿರಲಿಲ್ಲ. ಅವಳು ಬಂದು ಬ್ಲಾಕುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು. "ಇಲ್ಲಿ ಎಕ್ಸ್ ಹೊಸದಾಯ್ತು. ಕೆಳಗಿನ ಬ್ಲಾಕಲ್ಲಿ ಜೆಡ್‌ಗೆ ಎಕ್ಸ್ ಬೇಕು. ಅದು ಹಳೇ ಎಕ್ಸ್ ಅಲ್ವಾ ಸರ್? ಹಳೇದು ಎಲ್ಲಿದೆ ಈಗ?"

ಹಳೆಯದು ಎಲ್ಲಿಯೂ ಇರಲಿಲ್ಲ. ಮೇಲಿನ ಬ್ಲಾಕು ಅದನ್ನು ಅಳಿಸಿ ಹೊಸದನ್ನು ಕೂರಿಸಿತ್ತು.

ಕರಿಹಲಗೆಯ ಮೇಲೆ ಎರಡು ಸಮೀಕರಣ ಬರೆದರೆ ಅವೆರಡೂ ಒಟ್ಟಿಗೆ ನಿಜ. ಮೇಲಿನದು ಮೊದಲು, ಕೆಳಗಿನದು ಆಮೇಲೆ ಎಂಬುದಿಲ್ಲ. ಗಣಕಯಂತ್ರದೊಳಗೆ ಹಾಗಲ್ಲ, ಒಂದಾದ ಮೇಲೆ ಒಂದು. ಮೂವತ್ತು ವರ್ಷ ಹಲಗೆಯ ಮೇಲೆ ಬರೆದ ಕೈಗೆ ಈ 'ಆಮೇಲೆ' ಹೊಳೆಯಲಿಲ್ಲ. ಎರಡು ಲೋಟಗಳಲ್ಲಿರುವ ಹಾಲು, ಮಜ್ಜಿಗೆಗಳನ್ನು ಅದಲುಬದಲು ಮಾಡಲು ಮೂರನೆಯ ಲೋಟ ಬೇಕೆಂದು ಅಡಿಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿಯೂ ಬೇಕಾದ್ದು ಅದೇ. 'ಹಳೆ ಎಕ್ಸ್' ಎಂಬ ಇನ್ನೊಂದು ಚರಾಕ್ಷರ ಮಾಡಿ, ಬದಲಾಯಿಸುವ ಮುನ್ನ ಎಕ್ಸ್‌ನ ಬೆಲೆಯನ್ನು ಅದರೊಳಗೆ ಎತ್ತಿಟ್ಟಳು. ಘನ ಊಟದ ಗಂಟೆ ಹೊಡೆಯುವವರೆಗೂ ಸೊರಗದೆ ತಿರುಗಿತು.

ಆ ಸೊರಗುವಿಕೆಗೂ ಒಂದು ಲೆಕ್ಕವಿದೆ, ಆಮೇಲೆ ಕೂತು ಹಾಕಿದೆ. ತಪ್ಪು ಕ್ರಮದಲ್ಲಿ ತಿರುಗಿಸಿದಾಗ ಪ್ರತಿ ಸುತ್ತಿಗೆ ಅಗಲ ಸರಾಸರಿ ಕೊಸೈನ್ ಐದು ಡಿಗ್ರಿಯಷ್ಟು, ಅಂದರೆ 0.9962 ಪಾಲಿಗೆ ಇಳಿಯುತ್ತದೆ. ನೋಡಲು ಏನೂ ಅಲ್ಲ. ಆದರೆ ಸ್ಕ್ರ್ಯಾಚ್ ಸೆಕೆಂಡಿಗೆ 30 ಸುತ್ತು ಓಡುತ್ತದೆ. ಹತ್ತು ಸೆಕೆಂಡಿಗೆ 300 ಸುತ್ತು. 0.9962ನ್ನು 300 ಬಾರಿ ಗುಣಿಸಿ ನೋಡಿ, 0.32ರ ಆಸುಪಾಸು ಬರುತ್ತದೆ. ಪರದೆಯ ಮೇಲೆ ಕಂಡ ಮೂರನೇ ಒಂದು ಪಾಲು ಇದೇ. ಚಕ್ರಬಡ್ಡಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ಬಡ್ಡಿ ಮಾತ್ರ ತಿರುಗುಮುರುಗು.

ಗೆರೆಯ ಘನಕ್ಕೆ ಮೈ ತುಂಬುವುದು ಇನ್ನೊಂದು ತಲೆನೋವು. ಪೆನ್ನಿಗೆ ಬಣ್ಣ ತುಂಬುವ ಬ್ಲಾಕಿಲ್ಲ. ಒತ್ತೊತ್ತಾಗಿ ಗೆರೆ ಎಳೆದೇ ತುಂಬಬೇಕು. ದೂರದ ಮುಖ ಮೊದಲು, ಹತ್ತಿರದ್ದು ಆಮೇಲೆ ಬಳಿದರೆ ಹಿಂದಿನದು ತಾನಾಗಿ ಮರೆಯಾಗುತ್ತದೆ. ವಸ್ತು ಕಣ್ಣಿನ ಹಿಂದಕ್ಕೆ ಹೋದರೆ ದೂರ ಋಣವಾಗಿ ಚಿತ್ರ ತಲೆಕೆಳಗಾಗುತ್ತದೆ. ಅಂಥ ಬಿಂದುಗಳನ್ನು ಮೊದಲೇ ಬಿಟ್ಟುಬಿಡಬೇಕು. ಅಂಗಳದಾಚೆ ತೀರಾ ದೂರಕ್ಕೆ ಹೋಗಲು ಸ್ಕ್ರ್ಯಾಚ್ ಬೆಕ್ಕನ್ನು ಬಿಡುವುದಿಲ್ಲ, ಅಂಚಿನಲ್ಲೇ ತಡೆಯುತ್ತದೆ. ಹಾಗಾಗಿ ಅಲ್ಲಿ ಗೆರೆಗಳು ಸೊಟ್ಟಗಾಗುತ್ತವೆ.

ಇಷ್ಟೆಲ್ಲ ಬೇಡವೆನ್ನುವವರಿಗೆ ಒಂದು ಒಳದಾರಿ ಇದೆ. 1992ರಲ್ಲಿ ಬಂದ ವುಲ್ಫೆನ್‌ಸ್ಟೈನ್ ತ್ರೀಡಿ ಎಂಬ ಆಟ ಹಿಡಿದದ್ದು ಅದನ್ನೇ. ಮನೆಯ ನಕ್ಷೆ ಚಪ್ಪಟೆಯಾಗಿಯೇ ಇರಲಿ. ನಿಂತಲ್ಲಿಂದ ಒಂದೊಂದು ದಿಕ್ಕಿಗೂ ಒಂದೊಂದು ಕಿರಣ ಬಿಟ್ಟು ಗೋಡೆ ಎಷ್ಟು ದೂರವೆಂದು ಅಳೆದು, ಆ ದೂರದಿಂದ ಒಂದು ಸ್ಥಿರಸಂಖ್ಯೆಯನ್ನು ಭಾಗಿಸಿದಷ್ಟು ಎತ್ತರದ ಪಟ್ಟಿಯನ್ನು ನೆಟ್ಟಗೆ ಎಳೆದರಾಯಿತು. ಮತ್ತೆ ಅಡಿಕೆ ತೋಟದ ಭಾಗಾಕಾರವೇ. ಕಿರಣದ ಕೆಲಸವನ್ನು ಬೆಕ್ಕೇ ಮಾಡಬಲ್ಲದು, ಗೋಡೆಯ ಬಣ್ಣ ತಾಗುವವರೆಗೆ ನಡೆದು ಹೆಜ್ಜೆ ಎಣಿಸುತ್ತದೆ.

ಮೊದಲ ದಿನ ಪ್ರಶ್ನೆ ಕೇಳಿದ ಹುಡುಗ ಇದನ್ನು ಹಿಡಿದು ಕೂತ. ಒಂದು ವಾರಕ್ಕೆ ಕೋಣೆಯೊಂದು ಎದ್ದು ನಿಂತಿತು. ಆದರೆ ಎದುರಿನ ನೇರ ಗೋಡೆ ಹೊಟ್ಟೆ ಉಬ್ಬಿಸಿಕೊಂಡಂತೆ ಕಾಣುತ್ತಿತ್ತು. ಓರೆಯಾಗಿ ಹೋದ ಕಿರಣ ಹೆಚ್ಚು ದೂರ ನಡೆಯುತ್ತದೆ, ಹಾಗಾಗಿ ಗೋಡೆಯ ಎರಡೂ ತುದಿ ಗಿಡ್ಡ. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ, "ನಡುವಿನ ಕಿರಣದಿಂದ ಎಷ್ಟು ಕೋನ ಇದೆಯೋ ಅದರ ಕೊಸೈನಿಂದ ಗುಣಿಸಿದ್ರೆ ಆಗಲ್ವಾ ಸರ್?"

"ಗೊತ್ತಿಲ್ಲ, ಹಾಕಿ ನೋಡು" ಎಂದೆ.

ಹಾಕಿದ. ಗೋಡೆ ನೆಟ್ಟಗಾಯಿತು. ಅದರ ಅಂಚು ಮಾತ್ರ ಇನ್ನೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಬೆಕ್ಕಿನ ಹೆಜ್ಜೆ ಚಿಕ್ಕದು ಮಾಡಿದರೆ ಅದು ಸರಿಹೋಗುತ್ತದೆ, ಆದರೆ ಶಾಲೆಯ ಹಳೆಯ ಯಂತ್ರ ಏದುಸಿರು ಬಿಡುತ್ತದೆ. ಸದ್ಯಕ್ಕೆ ಅವನು ನಾಲ್ಕು ಹೆಜ್ಜೆಗೆ ಒಪ್ಪಿಕೊಂಡಿದ್ದಾನೆ.