ಕುದಾಪುರದಲ್ಲಿ ಕಾವಲಿಗೂ ಒಂದು ಸ್ಮಾರಕ ಬೇಕು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಖ್ಯ ಕಟ್ಟಡದ ಎದುರು ಜೆಮ್‌ಷೆಡ್‌ಜಿ ಟಾಟಾ ಅವರ ಸ್ಮಾರಕವಿದೆ. ಇಂಗ್ಲೆಂಡಿನ ಶಿಲ್ಪಿ ಗಿಲ್ಬರ್ಟ್ ಬೇಯ್ಸ್ ರೂಪಿಸಿದ ಅದು 1922ರದು. ತಮ್ಮ ಆಸ್ತಿಯ ದೊಡ್ಡ ಪಾಲನ್ನೇ ವಿಜ್ಞಾನಕ್ಕೆ ಮೀಸಲಿಟ್ಟವರಿಗೆ ಆ ಗೌರವ ಸಲ್ಲಲೇಬೇಕಿತ್ತು. 371 ಎಕರೆ ಭೂಮಿ ಕೊಟ್ಟ ಮೈಸೂರು ಸಂಸ್ಥಾನವನ್ನೂ ಸಂಸ್ಥೆ ಮರೆತಿಲ್ಲ.

ಅದೇ ಸಂಸ್ಥೆಯ ಎರಡನೇ ಕ್ಯಾಂಪಸ್ಸಿಗೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1,500 ಎಕರೆ ಸಿಕ್ಕಿದೆ. ಕೊಟ್ಟವರು ಯಾರು? ಕಾಗದದಲ್ಲಿ ಸರ್ಕಾರ. ಆದರೆ ಅದು ಅಮೃತಮಹಲ್ ಕಾವಲು. ಮೈಸೂರು ಅರಸರ ಕಾಲದಿಂದ ದನಗಳಿಗೆಂದೇ ಕಾಯ್ದಿಟ್ಟ ಹುಲ್ಲುಗಾವಲು. ಟಿಪ್ಪುವಿನ ಫಿರಂಗಿ ಎಳೆದದ್ದು ಅಮೃತಮಹಲ್ ತಳಿಯ ಎತ್ತುಗಳೇ. ಪಕ್ಕದಲ್ಲೇ ಡಿಆರ್‌ಡಿಒಗೆ 4,290, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ಬೇಲಿ ಎದ್ದಿತು. ಕುರಿ ಮೇಯಿಸುವವರು, ಆ ಕುರಿಗಳ ಉಣ್ಣೆಯಿಂದ ಕಂಬಳಿ ನೇಯುವವರು, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಆಚೆ ಉಳಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬರ ಬಂದಾಗಲೆಲ್ಲ ಮೇವಿಗಾಗಿ ಮೊರೆಯಿಡುವ ಈ ಜನರೂ ದಾನಿಗಳೇ. ಕೇಳದೆಯೇ ಪಡೆದ ದಾನ ಅದು.

ಆ ಕ್ಯಾಂಪಸ್ಸಿನಲ್ಲಿ ಇವರ ನೆನಪಿಗೆ ಏನಾದರೂ ನಿಲ್ಲಬೇಕು. ಅದರ ಮಾದರಿಗೆ ಸಮುದ್ರ ದಾಟಬೇಕಿಲ್ಲ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಸಾಕು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಬೃಹತ್ ಶಿಲಾಯುಗದ ಸಮಾಧಿಗಳು ಬೆಳಕಿಗೆ ಬಂದವು: ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಕಲ್ಲಿನ ಕೋಣೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಸುತ್ತ ಗುಂಡುಗಳ ವೃತ್ತ. ಊರ ಬೆಟ್ಟದ್ದೇ ಕಲ್ಲು. ಅದೇ ಬೆಟ್ಟದ ಬುಡದ ಬಂಡೆಯ ಮೇಲೆ ಅಶೋಕನ ಶಾಸನವೂ ಇದೆ. ಸತ್ತವರಿಗೆ ಕಲ್ಲು ನಿಲ್ಲಿಸುವುದನ್ನು ಈ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಬರೀ ಕಲ್ಲು ನಿಲ್ಲಿಸಿ ಕೈತೊಳೆದುಕೊಂಡರೆ ಅದು ಅವಮಾನ. ಕಲ್ಲಿನ ವೃತ್ತದ ಸುತ್ತ ಒಂದಷ್ಟು ಎಕರೆ ಹುಲ್ಲುಗಾವಲನ್ನು ಕಟ್ಟಡವಿಲ್ಲದೆ ಬಿಡಬೇಕು. ಅಮೃತಮಹಲ್ ದನಗಳೂ ದೇವರ ಎತ್ತುಗಳೂ ಅಲ್ಲಿ ಮೇಯಬೇಕು, ಕೃಷ್ಣಮೃಗಗಳಿಗೆ ದಾರಿ ಇರಬೇಕು. ಒಣಭೂಮಿಯ ಹುಲ್ಲಿನ ಅಧ್ಯಯನ ವಿಜ್ಞಾನ ಸಂಸ್ಥೆಗೆ ಹೊರೆಯೇನಲ್ಲ. ಖರ್ಚನ್ನು ದಾನಿಗಳು ಭರಿಸಬಹುದು. 2022ರಲ್ಲಿ ಬೆಂಗಳೂರು ಕ್ಯಾಂಪಸ್ಸಿನ ಆಸ್ಪತ್ರೆಗೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಡಲು ಮುಂದಾದರು. ಅದರ ಸಣ್ಣದೊಂದು ಪಾಲೂ ಇದಕ್ಕೆ ಬೇಡ.

ನಕ್ಷೆ ಬರೆಯುವ ಮುನ್ನ ಕಿಲಾರಿಗಳನ್ನೂ ಕಂಬಳಿ ನೇಯುವವರನ್ನೂ ಕರೆದು, ಎಲ್ಲಿ ಹುಲ್ಲು ಚೆನ್ನಾಗಿ ಬರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಕು.